ಒಳಹಾಳೆಯಲ್ಲಿ ಉಳಿದುಹೋದ ತೀರ್ಪು

ಅವತ್ತು ಮಂಗಳವಾರ. ಬೆಳಗಿನ ಬಸ್ಸು ಬರುವ ಮೊದಲೇ ನಮ್ಮಪ್ಪ ಹೋಗಿ ನಂಜಪ್ಪನ ಹೋಟೆಲಿನ ಬೆಂಚಿನ ಮೇಲೆ ಕೂತಿದ್ದರು. ಜಯಕ್ಕನ ಕೇಸಿನ ತೀರ್ಪು ಪೇಪರಿನಲ್ಲಿ ಬರಬಹುದು ಅಂತ.

ಜಯಕ್ಕ ನನ್ನ ದೊಡ್ಡಕ್ಕ. ನೆಲಮಂಗಲದ ಕಡೆ ಕೊಟ್ಟಿದ್ದರು. ಭಾವ ರಸ್ತೆ ಕಂಟ್ರಾಕ್ಟರ್, ಆ ಸುತ್ತಿನಲ್ಲಿ ಹೆಸರಿದ್ದ ಮನುಷ್ಯ. ಅವನಿಗೆ ಇನ್ನೊಬ್ಬಳನ್ನು ಕಟ್ಟಿಕೊಳ್ಳಬೇಕಾಗಿತ್ತು. ಅದಕ್ಕೆ ಅಕ್ಕನ ನಡತೆ ಸರಿಯಿಲ್ಲ ಅಂತ ಕೋರ್ಟಿಗೆ ಹೋದ. ಜಿಲ್ಲಾ ಕೋರ್ಟಿನಲ್ಲಿ ಗೆದ್ದೂ ಬಿಟ್ಟ, ಪುಣ್ಯಾತ್ಮ.

ಅಕ್ಕ ಹೈಕೋರ್ಟಿಗೆ ಹೋಗಿದ್ದು ಗಂಡ ಬೇಕು ಅಂತ ಅಲ್ಲ.

"ಅವನೂ ಬ್ಯಾಡ ಕಣಪ್ಪಾ, ಅವನ ಮನೆ ಅನ್ನಾನೂ ಬ್ಯಾಡ. ನನ್ ಮೇಲೆ ಹೊರಿಸಿರೋ ಮಾತು ಹೋದ್ರೆ ಸಾಕು" ಅಂದಿದ್ದಳು.

ಸೋಮವಾರ ತೀರ್ಪು ಹೇಳುತ್ತಾರೆ, ನೀವು ಬರಬೇಕಾಗಿಲ್ಲ, ಕಾಗದ ಹಾಕ್ತೀನಿ ಅಂತ ಬೆಂಗಳೂರಿನ ವಕೀಲರು ಹೇಳಿದ್ದರು. ಅಪ್ಪನಿಗೆ ಕಾಗದದವರೆಗೂ ಕಾಯುವ ತಾಳ್ಮೆ ಎಲ್ಲಿ?

ಇದು ಎಪ್ಪತ್ತರ ದಶಕದ ಮಾತು. ಹೊಸಕೋಟೆ ತಾಲ್ಲೂಕು, ಸಮೇತನಹಳ್ಳಿಯಿಂದ ಆಚೆ ನಮ್ಮೂರು. ಇಡೀ ಊರಿಗೆ ಒಂದೇ ಪೇಪರ್. ನಂಜಪ್ಪನೂ ಕ್ಷೌರದಂಗಡಿ ಮುನಿಸ್ವಾಮಿಯೂ ಸೇರಿ ತರಿಸುತ್ತಿದ್ದರು. ಬಸ್ಸಿಂದ ಇಳಿದ ಕೂಡಲೇ ಹೊರಹಾಳೆ ಹೋಟೆಲಿಗೆ, ಒಳಹಾಳೆ ಕ್ಷೌರದಂಗಡಿಗೆ. ಮಧ್ಯಾಹ್ನದ ಮೇಲೆ ಅದಲು ಬದಲು.

ನಂಜಪ್ಪ ಗಟ್ಟಿಯಾಗಿ ಓದುತ್ತಿದ್ದ. ಡ್ರೈವರ್ ಟೀ ಕುಡಿದು ಹಾರ್ನ್ ಹೊಡೆಯುವಷ್ಟರಲ್ಲಿ ಎಷ್ಟು ಓದಿದನೋ ಅಷ್ಟೇ ಊರಿಗೆ ಸುದ್ದಿ. ಬಸ್ಸು ಹತ್ತಿದವರು ಅದನ್ನೇ ಮುಂದಿನ ಊರುಗಳಿಗೂ ಒಯ್ಯುತ್ತಿದ್ದರು.

ಅವತ್ತು ಅಕ್ಕನ ಸುದ್ದಿ ಮೊದಲ ಪುಟದಲ್ಲೇ ಇತ್ತು. ಅಕ್ಕನ ಹೆಸರು, ಅಪ್ಪನ ಹೆಸರು, ಊರಿನ ಹೆಸರು... ಭಾವನ ಕಡೆ ವಕೀಲರು ಅಕ್ಕನ ಬಗ್ಗೆ ಹೇಳಿದ್ದೆಲ್ಲ ದಪ್ಪಕ್ಷರದಲ್ಲಿ. ನಂಜಪ್ಪ ಒಂದೂ ಬಿಡದೆ ಓದಿದ. ಕೊನೆಯಲ್ಲಿ, ಉಳಿದದ್ದು ಐದನೇ ಪುಟಕ್ಕೆ ಅಂತಿತ್ತು.

ಐದನೇ ಪುಟ ಇದ್ದದ್ದು ಒಳಹಾಳೆಯಲ್ಲಿ. ಮಂಗಳವಾರ ನಮ್ಮ ಕಡೆ ಯಾರು ತಲೆ ಕೊಡುತ್ತಾರೆ? ಕ್ಷೌರದಂಗಡಿಗೆ ಬೀಗ. ಮುನಿಸ್ವಾಮಿ ಹೊಸಕೋಟೆಗೆ ನೆಂಟರ ಮನೆಗೆ ಹೋಗಿದ್ದ. ನಂಜಪ್ಪ ಎಲ್ಲ ಮಂಗಳವಾರಗಳಂತೆ ಹಾಳೆಯನ್ನು ಬಾಗಿಲ ಸಂದಿಯಲ್ಲಿ ಒಳಕ್ಕೆ ತೂರಿಸಿ ಬಂದಿದ್ದ.

"ಮಿಕ್ಕಿದ್ದು ನಾಳೆ ನೋಡಾನ ಬುಡಿ" ಅಂದನಂತೆ. ಬಸ್ಸು ಹಾರ್ನ್ ಹೊಡೆಯಿತು, ಜನ ಎದ್ದರು.

ಅಪ್ಪನಿಗೆ ಓದು ಬರದು, ರುಜು ಮಾತ್ರ. ಪೇಪರಿನವರೇ ಹಾಗೆ ಹಾಕಿದ್ದಾರೆ ಅಂದ ಮೇಲೆ ಸೋತೆವು ಅಂತಲೇ ತಿಳಿದರು. ಮನೆಗೆ ಬಂದವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಜಗಲಿಯ ಮೇಲೆ ಕೂತುಬಿಟ್ಟರು.

"ಏನಂತಪ್ಪಾ?" ಅಕ್ಕ ಬಾಗಿಲಲ್ಲೇ ನಿಂತು ಕೇಳಿದಳು.

"ಒಳಕ್ಕೋಗಮ್ಮಾ."

ಅಷ್ಟೇ. ಅಕ್ಕ ಅವತ್ತು ಅನ್ನ ಮುಟ್ಟಲಿಲ್ಲ. ಸಂಜೆ ನೀರಿಗೆ ಹೋದವಳು ಖಾಲಿ ಬಿಂದಿಗೆ ಹಿಡಿದು ವಾಪಸ್ ಬಂದಳು. ಬಾವಿಕಟ್ಟೆಯಲ್ಲಿ ಯಾರು ಏನಂದರು ಅಂತ ಕೇಳಿದರೆ ಬಿಂದಿಗೆಯನ್ನು ಮೂಲೆಯಲ್ಲಿ ಬೋರಲು ಹಾಕಿದಳು. ನಾನಾಗ ಹೈಸ್ಕೂಲಿನ ಹುಡುಗಿ. ಅವಳ ಪಕ್ಕ ಕೂತು ಸುಮ್ಮನೆ ಅಳುವುದು ಬಿಟ್ಟು ನನಗೂ ಏನೂ ತೋಚಲಿಲ್ಲ.

ಬುಧವಾರ ಬೆಳಿಗ್ಗೆ ಮುನಿಸ್ವಾಮಿ ಓಡೋಡಿ ಬಂದ. ಕೈಯಲ್ಲಿ ಒಳಹಾಳೆ.

"ಯಜಮಾನ್ರೇ, ನಿಮ್ ಮಗಳು ಗೆದ್ದವ್ಳೆ!"

ನಾನೇ ಓದಿದೆ. ಆರೋಪಕ್ಕೆ ಯಾವ ಆಧಾರವೂ ಇಲ್ಲ, ಒಬ್ಬ ಹೆಂಗಸಿನ ಮೇಲೆ ಬೇಕೆಂದೇ ಹೊರಿಸಿದ ಸುಳ್ಳು, ಕೆಳಗಿನ ಕೋರ್ಟಿನ ತೀರ್ಪು ರದ್ದು ಅಂತ ನ್ಯಾಯಾಧೀಶರು ಹೇಳಿದ್ದರು. ಪುಟದ ಮೂಲೆಯಲ್ಲಿ, ಸಣ್ಣಕ್ಷರದಲ್ಲಿ.

ಅಕ್ಕ ಇನ್ನೊಂದು ಸಲ ಓದಿಸಿದಳು. ಆಮೇಲೆ ಅಪ್ಪನನ್ನು ಕೇಳಿದಳು, "ಇದ್ನೂ ಹೋಟ್ಲಲ್ಲಿ ಓದಿಸ್ತೀಯೇನಪ್ಪಾ?"

ಅಪ್ಪ ಹೊಸ ಅಂಗಿ ತೊಟ್ಟು ಹೊರಟರು. ಹೆಣ್ಣುಮಕ್ಕಳು ಹೋಟೆಲಿನೊಳಕ್ಕೆ ಹೋಗುವಂತಿರಲಿಲ್ಲ, ನಾನು ಹೊರಗೆ ನಿಂತೆ. ಆಗಲೇ ಬಸ್ಸು ಬಂದಿತ್ತು, ನಂಜಪ್ಪನ ಕೈಯಲ್ಲಿ ಹೊಸ ಪೇಪರ್. ಅಪ್ಪ ಹಾಳೆ ಚಾಚಿದರು.

"ನಿನ್ನೇದು ಯಾರ್ ಕೇಳ್ತಾರೆ ಗೌಡ್ರೇ?" ಅಂದ. ಅಪ್ಪ ಕೈ ಮುಗಿದರು. ಜೀವಮಾನದಲ್ಲಿ ಅವರು ದೇವರನ್ನು ಬಿಟ್ಟು ಇನ್ಯಾರಿಗಾದರೂ ಕೈ ಮುಗಿದದ್ದು ನಾನು ನೋಡಿದ್ದು ಅದೊಂದೇ.

ನಂಜಪ್ಪ ಓದಿದ, ಗಡಿಬಿಡಿಯಲ್ಲಿ. ಅರ್ಧಕ್ಕೆ ಹಾರ್ನ್ ಆಯಿತು, ಜನ ಎದ್ದು ಹೊರಟರು. ಬಸ್ಸು ಹತ್ತುತ್ತಾ ಒಬ್ಬ ಹೇಳಿದ ಮಾತು ನನ್ನ ಕಿವಿಗೆ ಬಿತ್ತು: "ಅದೇನೇ ಇರ್ಲಿ ಕಣ್ಲಾ, ಮೊದಲ್ನೇ ಪುಟದಲ್ಲಿ ಸುಮ್ನೆ ಹಾಕ್ತಾರಾ?"

 ಆ ಮಾತು ಇವತ್ತಿಗೂ ಮರೆತಿಲ್ಲ.

"ಎಲ್ರೂ ಕೇಳಿಸ್ಕೊಂಡ್ರು ಕಣಮ್ಮಾ" ಅಂತ ಅಪ್ಪ ಅಕ್ಕನಿಗೆ ಸುಳ್ಳು ಹೇಳಿದರು. ಅಕ್ಕ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳಿಗೆ ಗೊತ್ತಾಯಿತು.

ಅವತ್ತಿನಿಂದ ಅಕ್ಕ ಹೋಟೆಲಿನ ಬೀದಿ ತುಳಿಯಲಿಲ್ಲ. ಬಸ್ಸಿಗೆ ಹೋಗಬೇಕಾದರೆ ಕೆರೆ ಏರಿ ಮೇಲೆ ಸುತ್ತಿಕೊಂಡು ಹೋಗಿ ಮುಂದಿನ ಸ್ಟಾಪಿನಲ್ಲಿ ಹತ್ತುತ್ತಿದ್ದಳು. ನಂಜಪ್ಪ ಸತ್ತ, ಹೋಟೆಲು ಹೋಗಿ ಮೊಬೈಲ್ ಅಂಗಡಿ ಬಂತು, ಅವಳು ದಾರಿ ಬದಲಿಸಲಿಲ್ಲ. "ಯಾಕಕ್ಕಾ ಇನ್ನೂ?" ಅಂದರೆ, "ಕಾಲು ಹೋಗಲ್ಲ ಕಣೇ" ಅನ್ನುತ್ತಿದ್ದಳು.

ಮೊನ್ನೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಯಾರೋ ಒಂದು ಹೈಕೋರ್ಟ್ ಸುದ್ದಿ ಹಾಕಿದ್ದರು. ಹೆಂಡತಿಯ ಮೇಲೆ ಗಂಡನ ಆರೋಪ, ದಪ್ಪಕ್ಷರದಲ್ಲಿ. ಕೆಳಗೆ ನಗುವ ಎಮೋಜಿಗಳು. ತೀರ್ಪು ಏನಾಯಿತಪ್ಪಾ ಅಂತ ಕೇಳಿದೆ. "ಅದು ಗೊತ್ತಿಲ್ಲ ಅತ್ತೆ, ಹೆಡ್‌ಲೈನ್ ಅಷ್ಟೇ ನೋಡಿದ್ದು" ಅಂದ ಅಳಿಯ.

ಅಕ್ಕ ಹೋದ ವರ್ಷ ತೀರಿಕೊಂಡಳು. ಚಟ್ಟ ಹೊತ್ತವರು ಹತ್ತಿರದ ದಾರಿ ಅಂತ ಆ ಹೋಟೆಲಿನ ಬೀದಿಯಲ್ಲೇ ಹೋದರು. ನಿಲ್ಲಿಸಿ ಅನ್ನೋಣ ಅಂದುಕೊಂಡೆ... ಅಷ್ಟರಲ್ಲಿ ಆ ಅಂಗಡಿ ದಾಟಿಯಾಗಿತ್ತು.

ಗೆದ್ದವಳು ಬದುಕಿಡೀ ಯಾಕೆ ಸುತ್ತು ದಾರಿ ಹಿಡಿಯಬೇಕಾಗಿತ್ತು, ನೀವೇ ಹೇಳಿ?