ಹೊಸ ಮಂಡಿ ಮತ್ತು ಊಟದ ಪಂಕ್ತಿ

ನಲವತ್ಮೂರನೆಯ ವಯಸ್ಸಿನಲ್ಲಿ ನನ್ನ ಬಲಗಾಲಿನ ಮಂಡಿ ಬದಲಾಯಿತು. ಸಂಧಿವಾತ ಹತ್ತು ವರ್ಷದಿಂದ ಇತ್ತು. ಕೊನೆಯ ಎರಡು ವರ್ಷ ಶಿರಸಿ ಬಸ್ ನಿಲ್ದಾಣದಿಂದ ನಾನು ಕೆಲಸ ಮಾಡುವ ಪತ್ರಿಕೆಯ ಕಚೇರಿಗೆ ನಡೆಯುವಾಗ ಮೂರು ಕಡೆ ನಿಲ್ಲುತ್ತಿದ್ದೆ. ನೋವಿಗೆ ನಿಂತದ್ದು ಯಾರಿಗೂ ತಿಳಿಯದಿರಲೆಂದು ಫೋನ್ ನೋಡುತ್ತಿದ್ದೆ.

ಹುಬ್ಬಳ್ಳಿಯ ವೈದ್ಯರು ಶಸ್ತ್ರಚಿಕಿತ್ಸೆಗೆ ಮೊದಲೇ ಸ್ಪಷ್ಟವಾಗಿ ಹೇಳಿದ್ದರು: “ನೋವು ಕಡಿಮಿ ಆಗ್ತದ. ನಡೀರಿ, ಮೆಟ್ಟಲಾ ಹತ್ರಿ. ನೆಲದ ಮ್ಯಾಲೆ ಚಕ್ಕಳಮಕ್ಕಳ ಮಾತ್ರ ಬ್ಯಾಡ್ರಿ. ನಿಮ್ಮದು ಸಣ್ಣ ವಯಸ್ಸು, ಓಡಾಟ ಜಾಸ್ತಿ. ಮುಂದ ಇನ್ನೊಮ್ಮೆ ಬದಲಿ ಮಾಡೂ ಪಾಳಿ ಬರಬಹುದು.”

ನಾನು ಕೇಳಿದ್ದು ಒಂದೇ: “ಪಂಕ್ತಿಯಲ್ಲಿ ಬಡಿಸಬಹುದೇ?”

ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಮ್ಮಲ್ಲಿ ಮದುವೆ, ಉಪನಯನಗಳಲ್ಲಿ ನೆಂಟರೇ ಬಡಿಸುತ್ತಾರೆ. ಹದಿನಾರನೆಯ ವಯಸ್ಸಿನಿಂದ ನಾನು ಅನ್ನದ ಪಾತ್ರೆ ಹಿಡಿದವನು. ನೆಂಟರ ನಡುವೆ ನನ್ನ ಗುರುತೇ ಅದು. ಎದ್ದು ನಿಂತು, ಬಗ್ಗಿ, ಎಲೆಯಿಂದ ಎಲೆಗೆ ಸರಿಯುವುದನ್ನು ಅಲ್ಲೇ ತೋರಿಸಿದೆ.

“ಇದರಾಗ ಮಂಡಿಗಿಂತ ಸೊಂಟಾನ ಜಾಸ್ತಿ ಬಗ್ತದಲ್ರಿ. ಆರು ತಿಂಗಳ ತಡೀರಿ, ನೋಡೂಣು,” ಎಂದರು.

ಶಸ್ತ್ರಚಿಕಿತ್ಸೆಯಾದ ಮೂರನೆಯ ತಿಂಗಳಲ್ಲಿ ಸಿದ್ದಾಪುರದ ಒಂದು ಮದುವೆಗೆ ಹೋದೆ. ನೆಲದಲ್ಲಿ ಕೂರಲಾಗದವರಿಗೆ ಹಾಕಿದ್ದ ಮೇಜಿಗೆ ಕಳಿಸಿದರು. ಅಲ್ಲಿದ್ದವರೆಲ್ಲ ಎಂಬತ್ತರ ಆಸುಪಾಸಿನವರು. ಪಕ್ಕದ ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ತಮಾ, ನಿನ್ನ ಎಲೆನೂ ಇಲ್ಲೇಯ? ಹಲ್ಲಾದ್ರೂ ನಿಂದೇ ಇದ್ದಾ?”

ಮೇಜಿನವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಪಾಯಸ ರುಚಿಸಲಿಲ್ಲ.

ವ್ಯಾಯಾಮವನ್ನು ಒಂದು ದಿನವೂ ಬಿಡಲಿಲ್ಲ. ಆರು ತಿಂಗಳ ತಪಾಸಣೆಯಲ್ಲಿ ವೈದ್ಯರು ಒಪ್ಪಿದ ಮೇಲೆ ಜಗುಲಿಯಲ್ಲಿ ಹಳೆಯ ಪತ್ರಿಕೆಗಳನ್ನು ಎಲೆಗಳಂತೆ ಸಾಲಾಗಿ ಹಾಸಿದೆ. ಖಾಲಿ ಪಾತ್ರೆ ಹಿಡಿದು ಬಡಿಸುತ್ತ ಹೋದೆ. ಹೆಂಡತಿ ಕೊನೆಯ ಪತ್ರಿಕೆಯ ಪಕ್ಕ ನಿಂತು, ಅನ್ನ ಸಿಗದ ನೆಂಟಳಂತೆ ಕೂಗಿದಳು: “ಈ ಎಲೆಗೆ ಅನ್ನ ಬೈಂದಿಲ್ಲೆ!”

ಮೊದಲ ವಾರ ಒಂದು ಸಾಲಿಗೇ ಮಂಡಿ ಬಿಗಿಯಿತು. ತಿಂಗಳಾಗುವಾಗ ನಾಲ್ಕು ಸಾಲು ಸಾಧ್ಯವಾಯಿತು.

ಎಂಟನೆಯ ತಿಂಗಳಲ್ಲಿ ಉಮ್ಮಚಗಿಯಿಂದ ಭಾವನ ಫೋನ್ ಬಂತು. ಅವನ ಮಗನ ಉಪನಯನ.

“ಬಡಿಸಲೆ ಜನ ಕಮ್ಮಿ. ನೀ ಬತ್ಯ?”

“ಬತ್ತೆ. ಅನ್ನದ ಪಾತ್ರೆ ಮಾತ್ರ ಬ್ಯಾಡ. ತುಪ್ಪ ಕೊಡು.”

“ತುಪ್ಪ ಸಣ್ಣ ಹುಡುಗ್ರ ಕೆಲ್ಸ ಮಾರಾಯಾ!”

“ಹೊಸ ಮಂಡಿಗೆ ಇನ್ನೂ ಒಂದು ವರ್ಷನೂ ಆಯ್ದಿಲ್ಲೆ ಭಾವಾ.”

ಎರಡು ಪಂಕ್ತಿಗೆ ತುಪ್ಪ ಬಡಿಸಿದೆ. ಸಂಜೆ ಮಂಡಿ ಸ್ವಲ್ಪ ಬಾತಿತು, ಬೆಳಿಗ್ಗೆ ಇಳಿದಿತ್ತು. ಬರುವ ತಿಂಗಳು ಶಿರಸಿಯಲ್ಲೇ ಒಂದು ಮದುವೆಯಿದೆ. ಅಲ್ಲಿ ಸಾರಿನ ಪಾತ್ರೆ ಹಿಡಿಯಲು ಒಪ್ಪಿಕೊಂಡಿದ್ದೇನೆ.