ತುಟಿ ಅಲ್ಲಾಡಿದ ಕೇಸು

ಲಾರಿ ಓಡಿಸುವಾಗ ನಾನು ಮಾತಾಡುತ್ತಿರುತ್ತೇನೆ. ಪಕ್ಕದ ಸೀಟಿನಲ್ಲಿ ಯಾರೂ ಇರುವುದಿಲ್ಲ, ಕಿವಿಯಲ್ಲಿ ಫೋನೂ ಇರುವುದಿಲ್ಲ. ಹಿಂದಿನ ಟಯರು ಯಾಕೋ ಸದ್ದು ಮಾಡುತ್ತಿದೆಯಲ್ಲ, ಮನೆಯಲ್ಲಿ ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ, ಉದಗೀರಕ್ಕೆ ಕೊಟ್ಟ ಮಗಳು ಈ ವಾರ ಫೋನ್ ಮಾಡಲೇ ಇಲ್ಲವಲ್ಲ, ಎದುರಿನ ಬಸ್ಸಿನವನು ತೂಕಡಿಸುತ್ತಿದ್ದರೆ ಏನು ಗತಿ, ಹೀಗೆ. ಒಳಗೇ ಇಟ್ಟುಕೊಂಡರೆ ಎದೆ ಬಿಗಿಯುತ್ತದೆ, ಬಾಯಿಬಿಟ್ಟು ಅಂದುಕೊಂಡರೆ ಒಂದಿಷ್ಟು ಹಗುರಾಗುತ್ತದೆ. ನನ್ನ ಹೆಂಡತಿ ಇದಕ್ಕೆ ಜಪ ಎನ್ನುತ್ತಾಳೆ. ಮಂದಿ ದೇವರ ಹೆಸರು ಹೇಳಿದರೆ ನಾನು ಇನ್ನೂ ಆಗದ ಅಪಘಾತಗಳ ಹೆಸರು ಹೇಳುತ್ತೇನಂತೆ.

ನಮ್ಮ ಕಂಪನಿಯ ಗೋದಾಮು ಇರುವುದು ಬೀದರಿನ ಅಂಚಿನ ಕೊಳಾರದಲ್ಲಿ. ಅಲ್ಲಿ ಎಣ್ಣೆ, ಸಾಬೂನು, ಬಿಸ್ಕೀಟು ತುಂಬಿಕೊಂಡು ಒಂದು ದಿನ ಭಾಲ್ಕಿ, ಮರುದಿನ ಔರಾದ. ಅಂಗಡಿಗಳಿಗೆ ಮಾಲು ಇಳಿಸಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತೇನೆ. ಇದು ಲೋಕಲ್ ಲೈನು. ಇನ್ನೊಂದು ಪುಣೆ ಲೈನು. ಅದರಲ್ಲಿ ಹೋದವರು ವಾರಗಟ್ಟಲೆ ಮನೆಗೆ ಬರುವುದಿಲ್ಲ. ಅದರಲ್ಲಿ ಭತ್ಯೆ ಹೆಚ್ಚು. ಆದರೂ ನಾನು ಲೋಕಲ್ ಲೈನಿಗೇ ಜೋತುಬಿದ್ದದ್ದು ಹೆಂಡತಿಯ ಸಕ್ಕರೆ ಕಾಯಿಲೆಯ ಸಲುವಾಗಿ. ಸಕ್ಕರೆ ಅವಳ ಕಣ್ಣಿಗೂ ಇಳಿದಿದೆ. ಮನೆಯೊಳಗೆ ಓಡಾಡುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ಆದರೆ ಇನ್ಸುಲಿನ್ ಸಿರಿಂಜಿನ ಮೇಲಿನ ಗೆರೆಗಳು ಅವಳಿಗೆ ಕಾಣುವುದಿಲ್ಲ. ಬೆಳಗ್ಗೆ ಹೊರಡುವ ಮುಂಚೆ ಒಮ್ಮೆ, ರಾತ್ರಿಯ ಊಟಕ್ಕೆ ಮುಂಚೆ ಒಮ್ಮೆ ನಾನೇ ಎಳೆದು ಚುಚ್ಚಬೇಕು. ಪಕ್ಕದ ಮನೆಯಾಕೆಗೆ ಸೂಜಿ ಕಂಡರೆ ತಲೆ ತಿರುಗುತ್ತದೆ. ವಾರಕ್ಕಾಗುವಷ್ಟು ಸಿರಿಂಜು ತುಂಬಿಟ್ಟು ಹೋಗೋಣವೆಂದರೆ ಮನೆಯಲ್ಲಿ ಫ್ರಿಜ್ ಇಲ್ಲ. ಔಷಧದ ಬಾಟಲಿಯೇ ಮಡಕೆಯ ತಂಪಿನಲ್ಲಿ ದಿನ ದೂಡುತ್ತಿದೆ.

ಹೋದ ವರ್ಷ ಗಾಡಿಗಳಿಗೆ ಕ್ಯಾಮೆರಾ ಬಂತು. ಗಾಜಿಗೆ ಅಂಟಿಸಿದ ಒಂದು ಕರಿ ಡಬ್ಬಿ, ಅದಕ್ಕೆ ಎರಡು ಕಣ್ಣು. ಒಂದು ರಸ್ತೆ ನೋಡುತ್ತದೆ, ಇನ್ನೊಂದು ನಮ್ಮ ಮುಖ ನೋಡುತ್ತದೆ. ಅದು ದನಿ ಹಿಡಿಯುವುದಿಲ್ಲ, ಚಿತ್ರ ಮಾತ್ರ. ಆಕಳಿಸಿದರೆ, ಪಕ್ಕಕ್ಕೆ ತಿರುಗಿದರೆ, ತುಟಿ ಬಹಳ ಹೊತ್ತು ಅಲ್ಲಾಡಿದರೆ ಅದರೊಳಗಿನ ಹೆಂಗಸಿನ ದನಿ ಹಿಂದಿಯಲ್ಲಿ ಎಚ್ಚರಿಸುತ್ತದೆ. ಜೊತೆಗೆ ಒಂದು ತುಣುಕು ಚಿತ್ರ ಆಫೀಸಿಗೆ ಹೋಗುತ್ತದೆ. ಮೊದಲ ದಿನ ಅವಳು ಗದರಿದಾಗ ನಾನು ಅಭ್ಯಾಸಬಲದಿಂದ, ಆಯ್ತವ್ವ, ತಪ್ಪಾಯ್ತು ಎಂದೆ. ಹಾಗೆಂದದ್ದಕ್ಕೂ ಗದರಿದಳು. ಜನವಾಡ ದಾಟುವವರೆಗೆ ನಮ್ಮಿಬ್ಬರದೂ ಹೀಗೇ ನಡೆಯಿತು.

ಗೋದಾಮಿನ ಎದುರಿನ ಚಹಾದಂಗಡಿಯಲ್ಲಿ ಅದರ ಬಗ್ಗೆ ಆಡದ ಮಾತಿಲ್ಲ. ಭಾಲ್ಕಿ ಕಡೆಯ ಒಬ್ಬ ಡ್ರೈವರು ಮಾತ್ರ ಕ್ಯಾಮೆರಾದ ಪರ. ರಾಂಗ್ ಸೈಡಿನಲ್ಲಿ ಬಂದ ಬೈಕೊಂದು ಅವನ ಬಂಪರಿಗೆ ಬಡಿದಾಗ, ಸೇರಿದ ಜನರಿಂದ ಅವನನ್ನು ಉಳಿಸಿದ್ದು ಆ ಚಿತ್ರವೇ. ಅವನ ಮಾತನ್ನು ಯಾರೂ ಅಲ್ಲಗಳೆಯಲಿಲ್ಲ. ರಸ್ತೆ ನೋಡುವ ಕಣ್ಣಿನ ಬಗ್ಗೆ ಯಾರ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಇನ್ನೊಂದರ ಮೇಲೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ, ಎಲ್ಲರೂ ಚಾಚಾ ಎಂದು ಕರೆಯುವ ಡ್ರೈವರು ಹೇಳುತ್ತಿದ್ದ: “ರಸ್ತಾ ನೋಡ್ಲಿ, ಬ್ಯಾಡ ಅನ್ನಂಗಿಲ್ಲ. ನನ್ನ ಮಾರಿ ಏನ್ ನೋಡ್ತದ? ಮೂವತ್ತು ವರ್ಷ ಆತು, ನನ್ನ ಬೀಬಿನೇ ನೋಡಿಲ್ಲ ಇಷ್ಟು.”

ಆದರೂ ಕ್ಯಾಮೆರಾಕ್ಕಿಂತ ಹೆಚ್ಚು ಉರಿಸಿದವನು ಜಮಾಯಿ. ಮ್ಯಾನೇಜರರ ತಂಗಿಯ ಗಂಡ, ನಮ್ಮ ಹಾಗೆಯೇ ಡ್ರೈವರು; ಆಫೀಸಿನ ಅಳಿಯ ಎಂಬ ಅರ್ಥದಲ್ಲಿ ಆ ಹೆಸರು ನಾವಿಟ್ಟದ್ದು. ಔರಾದದ ರಸ್ತೆಯಲ್ಲಿ ಎದುರು ಬಂದಾಗಲೆಲ್ಲ ಒಂದು ಕೈ ಸ್ಟೇರಿಂಗಿನ ಮೇಲೆ, ಇನ್ನೊಂದರಲ್ಲಿ ಫೋನು, ಮುಖದ ತುಂಬ ನಗು. ಅವನ ಡಬ್ಬಿಯ ಮೇಲೆ ಸದಾ ಒಂದು ಟವೆಲ್ ತೂಗುತ್ತಿತ್ತು. ಕೇಳಿದರೆ ಆಫೀಸಿನಲ್ಲಿ, ಅವನ ಕ್ಯಾಮೆರಾ ಕೆಟ್ಟಿದೆ, ಕಂಪನಿಯವರಿಗೆ ಬರೆದಿದ್ದೇವೆ ಎನ್ನುತ್ತಿದ್ದರು. ಅದು ಬಂದ ದಿನದಿಂದಲೇ ಕೆಟ್ಟಿತ್ತು. ನಮ್ಮಲ್ಲೊಬ್ಬ ತಾನೂ ಟವೆಲ್ ಹಾಕಿ ನೋಡಿದ. ಸಂಜೆಗೇ ಅವನ ಗಾಡಿಯ ಬೀಗದ ಕೈ ಕಿತ್ತುಕೊಂಡರು.

ನಿಯಮ ಸರಳವಾಗಿತ್ತು: ಗಾಡಿ ಓಡಿಸುತ್ತ ಫೋನಿನಲ್ಲಿ ಮಾತಾಡಿ ಮೂರನೇ ಸಲ ಸಿಕ್ಕಿಬಿದ್ದರೆ ಲೋಕಲ್ ಲೈನು ಹೋಯಿತು, ಪುಣೆ. ನಾನು ಫೋನೇ ಎತ್ತದವನು; ಎತ್ತಿದರೆ ಏನು ಸುದ್ದಿ ಬರುತ್ತದೋ ಎಂಬ ಹೆದರಿಕೆಯವನು. ಆದರೆ ನನ್ನ ತುಟಿ ಅಲ್ಲಾಡುತ್ತಿತ್ತು. ಗಾಳಿಗೆ ಕಿವಿ ನೋಯುತ್ತದೆಂದು ತಲೆಗೆ ಸುತ್ತಿಕೊಳ್ಳುವ ವಸ್ತ್ರ ಬೇರೆ. ಅದರ ಕೆಳಗೆ ಕಿವಿಗೆ ಸಿಕ್ಕಿಸುವ ಮಷೀನು ಇದೆ ಎಂದು ಆಫೀಸಿನವರು ತೀರ್ಮಾನಿಸಿದರು. ಮೊದಲ ಸಲ ವಸ್ತ್ರ ಬಿಚ್ಚಿದೆ. ಎರಡನೇ ಸಲ ಫೋನನ್ನೇ ಮೇಜಿನ ಮೇಲಿಟ್ಟು ನೋಡಿಕೊಳ್ಳಿ ಎಂದೆ. ಕರೆ ಬಂದದ್ದನ್ನು ಅಳಿಸಲಿಕ್ಕೆ ಎಷ್ಟು ಹೊತ್ತು ಬೇಕು ಎಂದರು. ಆಮೇಲೆ ಬಾಯಿಗೆ ಕೆಲಸ ಕೊಡಬೇಕೆಂದು ಲವಂಗ ಅಗಿಯತೊಡಗಿದೆ. ಊಟ ಮಾಡುತ್ತ ಗಾಡಿ ಹೊಡೆಯುತ್ತಾನೆ ಎಂಬ ಇನ್ನೊಂದು ದೂರು ಹುಟ್ಟಿತು. ಹಲ್ಲು ಕಚ್ಚಿ ಹಿಡಿದೆ. ಹಾಲಬರ್ಗಾ ಬರುವಷ್ಟರಲ್ಲಿ ದವಡೆ ಸೆಟೆದು ಹೋಗುತ್ತಿತ್ತು. ಪುಣೆಗೆ ಹಾಕಿದರೆ ಇವಳ ಗತಿಯೇನು ಎಂದು ಚಿಂತೆ; ಆ ಚಿಂತೆಯೇ ತುಟಿಗೆ ಬಂದು ಅಲ್ಲಾಡುತ್ತಿತ್ತು. ಹೀಗೆ ಮೂರನೆಯದು ಬಂತು.

ಮ್ಯಾನೇಜರರು ಕರೆಸಿದಾಗ ಚಾಚಾ ತಾನೂ ಬರುತ್ತೇನೆಂದ. ಬೇಡ ಎಂದೆ. ಸಾಕ್ಷಿ ಇದ್ದರೆ ಸುಳ್ಳು ಕೇಸು ನಿಲ್ಲುವುದಿಲ್ಲ ಎಂದು ಗಡ್ಡ ನೀವಿಕೊಂಡು ಮುಂದೆಯೇ ನಡೆದ.

ಮ್ಯಾನೇಜರರು ಕೆಟ್ಟವರಲ್ಲ. ಕುಳಿತುಕೊಳ್ಳಲು ಹೇಳಿದರು, ನೀರು ತರಿಸಿದರು, ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಅದರಲ್ಲಿ ನಾನಿದ್ದೆ. ನಾನು ಹಾಗಿರುತ್ತೇನೆಂದು ನನಗೆ ಗೊತ್ತಿರಲಿಲ್ಲ. ಹುಬ್ಬು ಗಂಟು ಹಾಕಿ, ಯಾರನ್ನೋ ಬೇಡಿಕೊಳ್ಳುವವನಂತೆ, ದನಿಯಿಲ್ಲದೆ ಪಟಪಟನೆ ಮಾತಾಡುತ್ತಿದ್ದೆ. ನಡುವೆ ಒಮ್ಮೆ ತಲೆಯಾಡಿಸಿ ಏನನ್ನೋ ಒಪ್ಪಿಕೊಂಡೆ ಕೂಡ.

“ಯಾರ ಜೋಡಿ ಮಾತಾಡ್ಲತ್ತೀದಿ?”

“ಯಾರ ಜೋಡಿನೂ ಇಲ್ರಿ ಸಾಹೇಬ್ರ. ನನ್ನಷ್ಟಕ್ಕ ನಾನೇ.”

ಅವರು ನಕ್ಕರು. ಇಷ್ಟುದ್ದ ಯಾರಾದರೂ ತಮ್ಮಷ್ಟಕ್ಕೆ ತಾವು ಮಾತಾಡುತ್ತಾರೆಯೇ ಎಂದರು. ಚಾಚಾ ಕಾಯುತ್ತಿದ್ದದ್ದು ಇದಕ್ಕೇ.

“ಆಡ್ತಾನ್ರಿ ಸಾಬ್. ಖರೇ ಹೇಳ್ತೀನಿ. ಚಾ ಕುಡಿಯೋ ಮುಂದನೂ ಆಡ್ತಾನ. ಗಾಡಿ ತೊಳಿಯೋ ಮುಂದನೂ ಆಡ್ತಾನ. ಔರಾದದಾಗ ಬಜಾರದ ನಡುವ ನಿಂತು ಒಬ್ಬನೇ ಮಾತಾಡೋದು ನಾ ಕಣ್ಣಾರೆ ನೋಡೀನಿ. ನಮಗೆಲ್ಲ ಗೊತ್ತದ.”

ಮ್ಯಾನೇಜರರ ನಗು ನಿಂತಿತು. ಪರದೆಯನ್ನು ಮತ್ತೆ ನೋಡಿದರು, ನನ್ನನ್ನು ನೋಡಿದರು. ಈ ಸಲ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ನನಗೆ ಅದೇ ದಿಗಿಲಾಯಿತು. ಫೋನಾದರೆ ಲೈನು ಬದಲಿಸಿ ಮುಗಿಸಬಹುದಿತ್ತು ಎಂದರು. ಆದರೆ ಬಜಾರಿನಲ್ಲಿ ನಿಂತು ಒಬ್ಬನೇ ಮಾತಾಡುವವನ ಕೈಗೆ ಲಾರಿ ಕೊಟ್ಟರೆ ನಾಳೆ ಮಾಲಕರು ತಮ್ಮನ್ನು ಕೇಳುತ್ತಾರೆ. ತಲೆ ಸರಿಯಿದೆ ಎಂದು ಮಾನಸಿಕ ಡಾಕ್ಟರರು ಬರೆದುಕೊಡುವವರೆಗೆ ಯಾವ ಗಾಡಿಯನ್ನೂ ಕೊಡಲಾಗುವುದಿಲ್ಲ, ಸಂಬಳವೂ ಅಲ್ಲಿಯವರೆಗೆ ಇಲ್ಲ ಎಂದರು. ಚಾಚಾನ ಬಾಯಿ ತೆರೆದಂತೆಯೇ ಉಳಿಯಿತು.

ಚಿಂತೆ ಮಾಡುವವನಿಗೆ ಒಂದೇ ಲಾಭ: ಕೆಟ್ಟದ್ದನ್ನೆಲ್ಲ ಬೇಗ ಎಣಿಸಿಬಿಡುತ್ತಾನೆ. ಡಾಕ್ಟರು ನನ್ನನ್ನು ಸರಿಯಿದ್ದಾನೆ ಎಂದು ಬರೆದುಕೊಡುತ್ತಾರೆಂಬ ನಂಬಿಕೆ ಸ್ವತಃ ನನಗೇ ಇರಲಿಲ್ಲ. ಗಾಡಿ ಇಲ್ಲ, ಸಂಬಳ ಇಲ್ಲ ಎಂದರೆ ಇನ್ಸುಲಿನ್ನೂ ಇಲ್ಲ. ಪುಣೆ ಲೈನಾದರೆ ಬಾಟಲಿಯಾದರೂ ಇರುತ್ತದೆ.

“ಚಾಚಾ ಸುಳ್ಳ ಹೇಳ್ಲತ್ತಾರ ಸಾಹೇಬ್ರ,” ಎಂದೆ. “ನನ್ನ ಉಳಿಸ್ಬೇಕಂತ. ನಾ ಫೋನದಾಗೇ ಮಾತಾಡ್ತಿದ್ದೆ.”

“ಯಾರ ಜೋಡಿ?”

“ಹೆಂಡ್ತಿ ಜೋಡಿ.”

ಮ್ಯಾನೇಜರರು ಉಸಿರು ಬಿಟ್ಟರು, ಅವರಿಗೂ ಹಗುರಾದಂತೆ ಕಂಡಿತು. ಮೊದಲೇ ಒಪ್ಪಿಕೊಂಡಿದ್ದರೆ ಇಷ್ಟು ರಾಮಾಯಣ ಆಗುತ್ತಿರಲಿಲ್ಲವಲ್ಲ ಎಂದರು. ಹೆಂಡತಿಯ ಕಣ್ಣಿನ ಸಂಗತಿ ಹೇಳಿ ನೋಡಿದೆ. ಕೇಳಿಸಿಕೊಂಡರು. ತಮಗೂ ಕೆಡುಕೆನಿಸುತ್ತದೆ, ಆದರೆ ಒಬ್ಬನಿಗೆ ಬಿಟ್ಟರೆ ನಾಳೆ ಎಲ್ಲರೂ ಬಂದು ನಿಲ್ಲುತ್ತಾರೆ, ನಿಯಮವೆಂದರೆ ಎಲ್ಲರಿಗೂ ಒಂದೇ ಎಂದರು. ಚಾಚಾ ಆಗ, ಜಮಾಯಿ ಸಾಬ್‌ರಿಗೂ ಒಂದೇ ಏನ್ರಿ ಎಂದು ಮೆಲ್ಲಗೆ ಕೇಳಿದ. ಅವರ ಕ್ಯಾಮೆರಾ ಕೆಟ್ಟಿದೆಯಲ್ಲ, ಚಿತ್ರವೇ ಇಲ್ಲದೆ ಹೇಗೆ ಶಿಕ್ಷೆ ಕೊಡುವುದು ಎಂದು ಮ್ಯಾನೇಜರರು ನಿಜವಾದ ಅಚ್ಚರಿಯಿಂದ ನಮ್ಮನ್ನೇ ಕೇಳಿದರು.

ಹೊರಗೆ ಬಂದ ಮೇಲೆ ಚಾಚಾ ಗೇಟಿನ ಹತ್ತಿರ ನಿಂತು, “ನನ್ನನ್ನ ಸುಳ್ಳ ಮಾಡಿದೆಲ್ಲೋ ತಮ್ಮಾ,” ಎಂದ. ಯಾಕೆಂದು ಅವನಿಗೂ ತಿಳಿದಿತ್ತು. ಆದರೂ ಅಂದ. ಚಹಾಕ್ಕೆ ಕರೆದೆ, ಬರಲಿಲ್ಲ.

ಮನೆಯಲ್ಲಿ ಹೆಂಡತಿಗೆ ಹೇಳಿದೆ, ಸೋಮವಾರದಿಂದ ಪುಣೆ ಎಂದು. ಅವಳು ಅಳಲಿಲ್ಲ. ತಾನೇ ಕಲಿಯುತ್ತೇನೆ, ಅದರಲ್ಲೇನಿದೆ ಎಂದಳು. ಖಾಲಿ ಬಾಟಲಿಗೆ ನೀರು ತುಂಬಿಸಿಕೊಟ್ಟೆ, ಹಳೆಯ ಸಿರಿಂಜು ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, ಮೆಲ್ಲಗೆ ಎಳೆದಳು.

“ಬರೋಬರ್ ಆತೇನ್ರಿ?”

ಅರ್ಧ ಗಾಳಿಯಿತ್ತು. ಇಲ್ಲ ಎಂದೆ. ನೀರು ಚೆಲ್ಲಿ ಮತ್ತೆ ಎಳೆದಳು. ಈ ಸಲ ಬೇಕಾದದ್ದರ ಎರಡರಷ್ಟು. ಅಷ್ಟು ಔಷಧ ಒಳಗೆ ಹೋದರೆ ಅವಳು ಮತ್ತೆ ಏಳಲಾರಳು. ಅದನ್ನು ಹೇಳದೆ, ಸ್ವಲ್ಪ ಹೆಚ್ಚಾಯಿತು ಎಂದಷ್ಟೇ ಹೇಳಿದೆ. ಬೆರಳಿನ ಅಳತೆ ಹಿಡಿದು ನೋಡಿದಳು, ಉಗುರು ಒತ್ತಿ ನೋಡಿದಳು. ಒಮ್ಮೆ ಸರಿಯಾಗಿಯೇ ಬಂತು. ಹೌದು ಎಂದ ಕೂಡಲೇ ಇನ್ನೊಮ್ಮೆ ಎಳೆದು ತೋರಿಸಿದಳು, ಅದು ತಪ್ಪಿತ್ತು.

ಕಿಟಕಿಯ ಬೆಳಕು ಹೋದ ಮೇಲೆ ಸಿರಿಂಜನ್ನು ತಟ್ಟೆಯಲ್ಲಿಟ್ಟು, ಸೋಮವಾರ ಗಾಡಿ ಎಷ್ಟೊತ್ತಿಗೆ ಬಿಡ್ತದ ಎಂದು ಕೇಳಿದಳು. ಮುಂಜಾನೆ ಎಂದೆ.

“ಹಂಗಿದ್ರ ಮುಂಜಾನಿದು ನೀವೇ ಹಾಕಿ ಹೋಗ್ತೀರಿ,” ಎಂದಳು.

ಹ್ಞೂಂ ಎಂದೆ. ಸಂಜೆಯದನ್ನು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.