ಬಿಳಿಯದು ನನಗೆ, ನೀಲಿ ಅವರಿಗೆ

ಆ ಕಲ್ಲನ್ನು ನಮಗೆ ಕೊಟ್ಟವರು ಕಲ್ಲು, ಹರಳು ಕೂಡಿಡುವವರ ನಮ್ಮ ಖನಿಜ ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರು. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನ ಮನೆ ಖಾಲಿ ಮಾಡಿ ಮಗಳ ಊರಿಗೆ ಹೊರಟಿದ್ದರು. ಗ್ಯಾರೇಜಿನ ಮೂಲೆಯಿಂದ ತೆಂಗಿನಕಾಯಿ ಗಾತ್ರದ ಬಿಳಿ ಗಡ್ಡೆಯೊಂದನ್ನು ಎತ್ತಿ ಮೇಜಿನ ಮೇಲಿಟ್ಟು, ಇದು ನಿಮ್ಮಿಬ್ಬರಿಗೂ ಸೇರಿದ್ದು, ಹೊಡೆದಾಡಿಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ನಾವಿಬ್ಬರೂ ನಕ್ಕೆವು. ಆಗ ಅದು ತಮಾಷೆಯಾಗಿಯೇ ಇತ್ತು.

ಇಬ್ಬರು ಎಂದರೆ ನಾನು ಮತ್ತು ಸರ್. ಸರ್ ಮೈಸೂರಿನವರು, ನಿವೃತ್ತ ಎಂಜಿನಿಯರು, ಫ್ರೀಮಾಂಟಿನಲ್ಲಿ ಹೆಂಡತಿಯೊಂದಿಗೆ ಇದ್ದಾರೆ. ಕ್ಲಬ್ಬಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ ಆದ್ದರಿಂದ ಜೊತೆಯಾದೆವು. ಅದನ್ನು ಬಿಟ್ಟರೆ ನಮ್ಮ ರುಚಿ ಎಣ್ಣೆ ಸೀಗೇಕಾಯಿ. ಅವರಿಗೆ ಕತ್ತಲಲ್ಲಿ ಹೊಳೆಯುವ ಕಲ್ಲುಗಳ ಹುಚ್ಚು. ನೇರಳಾತೀತ ದೀಪ ಹಿಡಿದರೆ ಕೆಂಪಗೋ ಹಸಿರಾಗೋ ಬೆಳಗುವಂಥವು. ನನ್ನದು ಜಿಯೋಲೈಟ್. ಜ್ವಾಲಾಮುಖಿಯ ಕಲ್ಲಿನ ಟೊಳ್ಳುಗಳಲ್ಲಿ ಬೆಳೆಯುವ, ಮೈಯೊಳಗೆ ನೀರು ಹಿಡಿದಿಟ್ಟುಕೊಂಡ ಹರಳುಗಳು. ನಮ್ಮ ವಿಜಯಪುರದ ಕಡೆ ಬಾವಿ ತೋಡುವಾಗ ಕರಿಕಲ್ಲಿನ ಹೊಟ್ಟೆಯಲ್ಲಿ ಅವು ಬಿಳಿ ಸೂಜಿಗಳಂತೆ ಸಿಗುತ್ತಿದ್ದವು. ಯಾರೂ ತಿರುಗಿ ನೋಡುತ್ತಿರಲಿಲ್ಲ, ನಾನೂ ನೋಡಿರಲಿಲ್ಲ. ನಲವತ್ತು ದಾಟಿದ ಮೇಲೆ, ಮಗಳ ಸೈನ್ಸ್ ಪ್ರಾಜೆಕ್ಟಿಗೆಂದು ಇಲ್ಲಿನ ಒಂದು ಪ್ರದರ್ಶನಕ್ಕೆ ಹೋದಾಗ, ಗಾಜಿನ ಪೆಟ್ಟಿಗೆಯೊಳಗೆ ದೀಪ ಹಾಕಿಸಿಕೊಂಡು ಕೂತಿದ್ದ ಅಂಥದೇ ಸೂಜಿಗಳನ್ನು ಕಂಡು ನಾಚಿಕೆಯಾಯಿತು. ಹುಚ್ಚು ಹಿಡಿದದ್ದು ಅವತ್ತೇ.

ಓಕ್‌ಲ್ಯಾಂಡಿನ ಆ ಗಡ್ಡೆಯ ತೊಂದರೆ ಏನೆಂದರೆ, ಅದರಲ್ಲಿ ಇಬ್ಬರಿಗೂ ಬೇಕಾದದ್ದು ಇತ್ತು. ಕ್ಯಾಲಿಫೋರ್ನಿಯಾದ ಒಂದು ಬೆಟ್ಟದಲ್ಲಿ ಬೆನಿಟೊಯೈಟ್ ಎಂಬ ಅಪರೂಪದ ನೀಲಿ ಹರಳು ಸಿಗುತ್ತದೆ. ದೀಪಕ್ಕೆ ಅದು ಹೊಳೆಯುವ ಪರಿಯನ್ನು ನೋಡಿದವರು ಮರೆಯುವುದಿಲ್ಲ. ಆದರೆ ಅದು ನ್ಯಾಟ್ರೊಲೈಟ್ ಎಂಬ ಬಿಳಿ ಕಲ್ಲಿನೊಳಗೆ ಹೂತುಕೊಂಡಿರುತ್ತದೆ. ಎಲ್ಲರೂ ಮಾಡುವುದು ಒಂದೇ: ಗಡ್ಡೆಯನ್ನು ಆಸಿಡ್ಡಿನಲ್ಲಿ ಇಳಿಬಿಡುತ್ತಾರೆ, ಬಿಳಿ ಕರಗುತ್ತದೆ, ನೀಲಿ ಉಳಿಯುತ್ತದೆ. ಆ ಬಿಳಿಯೇ ನನ್ನ ಜಿಯೋಲೈಟ್. ಸಾಮಾನ್ಯವಾಗಿ ಅಲ್ಲಿನದಕ್ಕೆ ರೂಪವಿಲ್ಲ, ಸುಣ್ಣದ ಹೆಂಟೆಯಂತಿರುತ್ತದೆ, ಕರಗಿದರೆ ನಷ್ಟವೇನಿಲ್ಲ. ಎಲ್ಲೋ ಒಂದೊಂದರ ಒಳಗೆ ಟೊಳ್ಳಿದ್ದು, ಅಲ್ಲಿ ನೀರಿನಷ್ಟು ತಿಳಿಯಾದ ಸೂಜಿಗಳು ಬೆಳೆದಿರುತ್ತವೆ. ಅವನ್ನು ನೋಡಿದವರು ಕಡಿಮೆ. ನೀಲಿಯ ಆತುರದಲ್ಲಿ ಎಷ್ಟು ಕರಗಿಹೋದವೋ ಯಾರಿಗೆ ಗೊತ್ತು.

ಸರ್ ಅವರ ಆತುರಕ್ಕೆ ಕಾರಣವಿತ್ತು. ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದರ ರೆಟಿನಾ ಹಾಳಾಗುತ್ತಿತ್ತು. ಮುಖಗಳು ಕಾಣುತ್ತಿರಲಿಲ್ಲ, ಅಕ್ಷರ ಕಾಣುತ್ತಿರಲಿಲ್ಲ. ಕತ್ತಲಲ್ಲಿ ಹೊಳೆಯುವುದು ಮಾತ್ರ ಇನ್ನೂ ಕಾಣುತ್ತಿತ್ತು. "ಡಾಕ್ಟ್ರು ಟೈಮ್ ಹೇಳಲ್ಲ ಕಣಮ್ಮ," ಎಂದಿದ್ದರು ಒಮ್ಮೆ. "ಅದಕ್ಕೇ ಒಂದೇ ಒಂದು ಒಳ್ಳೇ ನೀಲಿ ನೋಡ್ಬಿಡೋಣ ಅಂತ."

ಒಂದು ಶನಿವಾರ ಬೆಳಿಗ್ಗೆ ಫ್ರೀಮಾಂಟಿಗೆ ಹೋಗಿ ಅವರನ್ನು ಕರೆದುಕೊಂಡು ಸ್ಯಾನ್ ರಮೋನಿನ ನಮ್ಮ ಮನೆಗೆ ಬಂದೆ. ಅವರ ಹೆಂಡತಿ ಆಸಿಡ್ಡಿಗೆ ಮನೆಯಲ್ಲಿ ಜಾಗ ಕೊಡುವವರಲ್ಲ. ನಮ್ಮ ಗ್ಯಾರೇಜಿನ ಬಾಗಿಲು ಪೂರ್ತಿ ತೆಗೆದು, ಕೈಗವಸು ಕನ್ನಡಕ ಹಾಕಿಕೊಂಡು, ಪ್ಲಾಸ್ಟಿಕ್ ತೊಟ್ಟಿಯಲ್ಲಿ ಗಡ್ಡೆಯನ್ನಿಟ್ಟು ಆಸಿಡ್ ಸುರಿದೆ. ಅರ್ಧ ಗಂಟೆಗೊಮ್ಮೆ ಎತ್ತಿ, ತೊಳೆದು, ನೋಡಿ, ಮತ್ತೆ ಇಳಿಸುವುದು. ನೋಡುವ ಕೆಲಸ ನನ್ನದು. ನಾನು ಏನು ಕಂಡಿತೆಂದು ಹೇಳಿದರೆ, ಅವರು ಮುಂದೆ ಏನು ಮಾಡಬೇಕೆಂದು ಹೇಳುವರು. ಎರಡು ವರ್ಷದಿಂದ ನಮ್ಮ ಕೆಲಸ ನಡೆದದ್ದೇ ಹೀಗೆ.

ನಾಲ್ಕನೇ ಸಲ ಎತ್ತಿದಾಗ ನೀಲಿಯ ಒಂದು ಮೂಲೆ ಹೊರಬಂದಿತ್ತು, ಉಗುರಿನಷ್ಟು. ಬಾಗಿಲು ಇಳಿಸಿ, ಕತ್ತಲು ಮಾಡಿ, ದೀಪ ಹಿಡಿದೆ. "ಅಲ್ಲಿ! ಅಲ್ಲಿದೆ!" ಎಂದು ಸರ್ ಬೆರಳು ತೋರಿಸಿದರು. ಸರಿಯಾಗಿಯೇ ತೋರಿಸಿದರು. ಎಪ್ಪತ್ತು ದಾಟಿದವರು ಚಿಕ್ಕ ಮಗುವಿನ ಹಾಗೆ ಕುರ್ಚಿಯಲ್ಲಿ ಕುಣಿದರು. ಇನ್ನೂ ದೊಡ್ಡದು ಒಳಗಿರಲೇಬೇಕು ಎಂದು ಹೇಳಿ, ಕಾಫಿ ಕುಡಿಯಲು ಗೋಡೆ ಹಿಡಿದುಕೊಂಡು ಒಳಗೆ ಹೋದರು.

ನಾನು ಕಲ್ಲನ್ನು ಮತ್ತೆ ಇಳಿಸುವ ಮೊದಲು ಇನ್ನೊಂದು ಬದಿ ತಿರುಗಿಸಿ ನೋಡಿದೆ. ಅಲ್ಲಿ ಹೆಬ್ಬೆರಳು ತೂರುವಷ್ಟು ಟೊಳ್ಳು ಬಾಯಿ ಬಿಟ್ಟಿತ್ತು. ಭೂತಗನ್ನಡಿ ಹಿಡಿದೆ. ಒಳಗೆ ಸೂಜಿಗಳು, ನೂರಾರು, ಒಂದಕ್ಕೊಂದು ತಾಗದಂತೆ ನಿಂತಿದ್ದವು, ತುದಿ ಕೂಡ ಮುರಿದಿರಲಿಲ್ಲ. ಅಂಥದ್ದನ್ನು ನಾನು ಚಿತ್ರದಲ್ಲೂ ಕಂಡಿರಲಿಲ್ಲ. ಸೂಜಿಗಳ ಬುಡದಲ್ಲಿ, ಅವುಗಳ ನಡುವಿನಿಂದ, ದೊಡ್ಡದಾದ ಒಂದು ನೀಲಿ ನೆರಳು ಕೂಡ ಕಾಣುತ್ತಿತ್ತು. ಅದನ್ನೂ ನೋಡಿದೆ. ನೋಡಲಿಲ್ಲ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ.

ಇನ್ನರ್ಧ ಗಂಟೆ ಆಸಿಡ್ಡಿನಲ್ಲಿಟ್ಟರೆ ಸೂಜಿಗಳು ಲೋಳೆಯಾಗಿ ಹೋಗುತ್ತಿದ್ದವು. ಕೈ ತಾನಾಗಿ ಕಲ್ಲನ್ನು ಆಸಿಡ್ಡಿನ ಕಾವು ನಿಲ್ಲಿಸುವ ಸೋಡಾ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿತು. ಸರ್ ಬಾಗಿಲಿಗೆ ಬಂದು ಕಿವಿಗೊಟ್ಟರು. "ಯಾಕಮ್ಮಾ, ಬಕೆಟ್ಟಿಗೆ ಹಾಕಿದ್ರಾ? ಇನ್ನೂ ಇಡ್ಬೇಕಿತ್ತಲ್ಲ?"

"ಮುಗೀತ್ರೀ ಸರ್," ಎಂದೆ. "ಒಳಗ ಇನ್ನ ಬರೇ ಬಂಡೆಗಲ್ಲ ಅದ. ನೀಲಿ ಇದ್ದದ್ದು ಅಷ್ಟ."

"ಅಷ್ಟೇನಾ?"

"ಅಷ್ಟರೀ."

"ಸರಿ ಬಿಡಿ. ನೀವು ನೋಡಿದೀರಲ್ಲ," ಎಂದು ಅವರು ಕಾಫಿ ಲೋಟವನ್ನು ಹುಡುಕುತ್ತಾ ಒಳಗೆ ಹೋದರು.

ಯಾಕೆ ಹೇಳಿದೆ? ನಿಜ ಹೇಳಿ ಕೇಳಿಕೊಂಡಿದ್ದರೆ ಅವರು ನೀವೇ ಇಟ್ಟುಕೊಳ್ಳಿ ಎನ್ನುತ್ತಿದ್ದರೇನೋ. ಎನ್ನದೆ ನೀಲಿ ಬೇಕು ಎಂದಿದ್ದರೆ? ಕಣ್ಣು ಹೋಗುತ್ತಿರುವ ಮನುಷ್ಯನಿಗೆ ಇಲ್ಲ ಎನ್ನುವ ಮುಖ ನನಗಿರಲಿಲ್ಲ. ಅದಕ್ಕೇ ಅವರು ಕೇಳುವ ಅವಕಾಶವನ್ನೇ ತಪ್ಪಿಸಿದೆ. ನನ್ನ ಹೆಚ್ಚುಗಾರಿಕೆಯೇ ಅದು: ಜಗಳವಾದರೆ ಗೆಲ್ಲುತ್ತೇನೆ, ಸೋಲುವ ಜಗಳವಾದರೆ ಶುರುವನ್ನೇ ಮಾಡುವುದಿಲ್ಲ.

ಮುಂದಿನ ಮೂರು ವಾರ ಆ ಕಲ್ಲು ನನ್ನ ಆಫೀಸು ಕೋಣೆಯ ಕಪಾಟಿನಲ್ಲಿತ್ತು. ಬೆಳಗಿನ ಮೊದಲ ಮೀಟಿಂಗಿಗೆ ಮುಂಚೆ ದಿನವೂ ಭೂತಗನ್ನಡಿ ಹಿಡಿದು ಒಳಗೆ ನೋಡುತ್ತಿದ್ದೆ. ಸಂತೋಷ ಆಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಫೋನು ರಿಂಗಾದರೆ ಮೊದಲು ಯಾರ ಹೆಸರೆಂದು ನೋಡುತ್ತಿದ್ದೆ. ಸರ್ ಎರಡು ಸಲ ಫೋನು ಮಾಡಿದಾಗ ಫ್ರೀವೇಯಲ್ಲಿದ್ದೇನೆ ಎಂದೆ. ಮನೆಯಲ್ಲೇ ಇದ್ದೆ. ಮಗಳು ಕಪಾಟಿನ ಹತ್ತಿರ ಬಂದು, ಎಷ್ಟು ಚೆಂದವಿದೆ, ಅಂಕಲ್‌ಗೆ ತೋರಿಸಿದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಅವಳ ಮೇಲೆ ರೇಗಿದೆ. ಅವಳಿಗೆ ತಲೆಬುಡ ತಿಳಿಯಲಿಲ್ಲ.

ಮೂರನೇ ಶನಿವಾರ ಚೀಟಿ ಬರೆಯುವ ದಿನ. ಪ್ರತಿ ಕಲ್ಲಿಗೂ ಒಂದು ಪುಟ್ಟ ಚೀಟಿ ಇರುತ್ತದೆ: ಯಾವ ಖನಿಜ, ಎಲ್ಲಿಯದು, ಅದಕ್ಕೆ ಏನೇನು ಮಾಡಲಾಗಿದೆ. ಮುರಿದು ಅಂಟಿಸಿದ್ದರೆ ಅಂಟಿಸಿದೆ ಎಂದು ಬರೆಯಲೇಬೇಕು. ನಾವು ಸತ್ತ ಮೇಲೂ ಕಲ್ಲು ಇನ್ನೊಬ್ಬರ ಕೈಗೆ ಹೋಗುತ್ತದೆ, ಅವರಿಗೆ ಚೀಟಿಯೊಂದೇ ಆಧಾರ. ಈ ವಿಷಯದಲ್ಲಿ ಸರ್ ಮಹಾ ಕಟ್ಟುನಿಟ್ಟು. ಒಮ್ಮೆ ನಾನು ಖಚಿತವಿಲ್ಲದ ಒಂದು ಊರಿನ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಲಿಲ್ಲವೆಂದು ಒಂದು ವಾರ ಮಾತು ಬಿಟ್ಟಿದ್ದರು.

ಅವತ್ತು ಕಾರಿನಿಂದ ಇಳಿಯುವಾಗ ಅವರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದರು. ಡ್ರೈವ್‌ವೇ ಇಳಿಜಾರೆಂದು ಹಾಗೆ ಹಿಡಿದಿರಬೇಕು ಎಂದುಕೊಂಡೆ. ಗ್ಯಾರೇಜಿನ ಮೇಜಿನ ಎದುರು ಕೂತು ಅವರು ಹೇಳತೊಡಗಿದರು, ನಾನು ಬರೆಯತೊಡಗಿದೆ. ಖನಿಜದ ಹೆಸರು. ಬೆಟ್ಟದ ಹೆಸರು. "ಆಸಿಡ್ಡಿನಲ್ಲಿ ಪೂರ್ತಿ ಬಿಡಿಸಲಾಗಿದೆ. ಒಳಗೆ ಬೇರೆ ಹರಳಿಲ್ಲ. ಬರೆದ್ರಾ?"

ಪೆನ್ನು 'ಪೂರ್ತಿ' ಎಂಬಲ್ಲಿಗೆ ಬಂದು ನಿಂತಿತ್ತು. ಬಾಯಲ್ಲಿ ಸಲೀಸಾಗಿ ಬಂದ ಸುಳ್ಳು ಕೈಯಲ್ಲಿ ಬರಲಿಲ್ಲ. ಅದು ನನ್ನ ಒಳ್ಳೆಯತನ ಅಂತ ಹೇಳುವ ಧೈರ್ಯವಿಲ್ಲ. ಆ ಚೀಟಿಗಳನ್ನು ಬರೆದು ಬರೆದು ಕೈಗೆ ಅದೊಂದು ಅಭ್ಯಾಸವಾಗಿತ್ತು, ಅಷ್ಟೇ.

"ಸರ್, ಸುಳ್ಳ ಹೇಳೀನ್ರೀ," ಎಂದೆ. ಟೊಳ್ಳು, ಸೂಜಿಗಳು, ಅವುಗಳ ಬುಡದ ನೀಲಿ, ಎಲ್ಲ ಹೇಳಿದೆ.

ಅವರು ಮೇಜಿನ ಅಂಚನ್ನು ಸವರಿದರು. "ಯಾವತ್ತು ನೋಡಿದ್ರಿ?"

"ಅವತ್ತ ನೋಡೀನ್ರೀ. ನೀವು ಕಾಫಿ ಕುಡೀಲಿಕ್ಕೆ ಹೋದಾಗ."

"ಒಂದು ಮಾತು ಹೇಳಿ. ನನಗೆ ಕಣ್ಣು ಕಾಣ್ತಿದ್ರೆ ಈ ಸುಳ್ಳು ಹೇಳ್ತಿದ್ರಾ?"

ಅವರು ಬೈದಿದ್ದರೆ ವಾಸಿಯಿತ್ತು. "ಹೇಳ್ತಿದ್ದಿಲ್ರೀ," ಎಂದೆ. ಅವರು ತಲೆಯಾಡಿಸಿದರು, ಲೆಕ್ಕ ತಾಳೆಯಾದವರಂತೆ. ನನಗೆ ಅಳು ಬಂತು, ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಮಾಡುವ ಕಾರಣವೂ ಇರಲಿಲ್ಲ.

ಈಗಲೇ ಕರಗಿಸುತ್ತೇನೆ ಎಂದೆ. ಅವರು ಹೂಂ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಬೇಡ ಎನ್ನಲಿ ಎಂದು ನಾನು ಒಂದು ನಿಮಿಷ ಕಾದೆ, ಅದನ್ನೂ ಒಪ್ಪಿಕೊಳ್ಳಬೇಕು. ಆಮೇಲೆ ಕಪಾಟಿನಿಂದ ಕಲ್ಲು ತಂದು, ಗ್ಯಾರೇಜಿನ ಬಾಗಿಲು ತೆಗೆದು, ಟೊಳ್ಳು ಮೇಲೆ ಬರುವಂತೆ ತೊಟ್ಟಿಯಲ್ಲಿಟ್ಟು ಆಸಿಡ್ ಸುರಿದೆ. ಗುಳ್ಳೆಯಿಲ್ಲ, ಸದ್ದಿಲ್ಲ. ಮೊದಲು ತುದಿಗಳು ಮೊಂಡಾದವು. ಆಮೇಲೆ ಸೂಜಿಗಳ ನಡುವಿನ ಸಂದು ಮಸುಕಾಯಿತು, ಗಂಜಿಯ ತಿಳಿಯಂಥದ್ದು ತುಂಬಿಕೊಂಡಿತು. ಅರ್ಧ ಗಂಟೆಗೆ ಎತ್ತಿ ತೊಳೆದೆ. ಒಂದು ಗಂಟೆಗೆ ಮತ್ತೆ. ಬೆಟ್ಟದೊಳಗೆ ಅಷ್ಟು ಕಾಲ ಒಂದು ತುದಿಯೂ ಮುರಿಯದೆ ಇದ್ದದ್ದು ನಮ್ಮ ಗ್ಯಾರೇಜಿನ ತೊಟ್ಟಿಯ ತಳದಲ್ಲಿ ಲೋಳೆಯಾಗಿ ಕೂತಿತು. ಸರ್ ಅಷ್ಟೂ ಹೊತ್ತು ನಾನು ಕೊಟ್ಟ ನೀರನ್ನೂ ಕುಡಿಯಲಿಲ್ಲ.

ನಾಲ್ಕನೇ ಗಂಟೆಗೆ ನೀಲಿ ಬಂತು. ಎರಡು ಹರಳು, ತ್ರಿಕೋನಾಕಾರ, ಒಂದು ದೊಡ್ಡ ನಾಣ್ಯದಷ್ಟು, ಇನ್ನೊಂದು ಅದಕ್ಕೆ ಒರಗಿಕೊಂಡು. ನನ್ನ ಸಂಕಟದಲ್ಲೂ ಅಬ್ಬಾ ಎಂದೆ. ತೊಳೆದು, ಸೋಡಾ ನೀರಿನಲ್ಲಿ ಅದ್ದಿ, ಮತ್ತೆ ತೊಳೆದು, ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ ಇಟ್ಟೆ. ಬಾಗಿಲು ಇಳಿಸಿ, ಅದರ ಕೆಳಗಿನ ಸಂದಿಗೆ ಟವಲು ತುರುಕಿದೆ. ಸರ್ ಅವರ ಕುರ್ಚಿಯನ್ನು ಹತ್ತಿರ ಎಳೆದು, ಅವರ ಕನ್ನಡಕ ಸರಿಪಡಿಸಿದೆ. ಅವರ ಉಸಿರು ಜೋರಾಗಿತ್ತು, ಸಿಟ್ಟು ಇಳಿದಿತ್ತು. "ದೊಡ್ಡದಾ?" ಎಂದು ಪಿಸುಗುಟ್ಟಿದರು.

"ಭಾಳ ದೊಡ್ಡದ್ರೀ ಸರ್."

ದೀಪ ಹಾಕಿದೆ. ಕಲ್ಲು ಭಗ್ಗೆಂದು ಹೊತ್ತಿಕೊಂಡಿತು. ಅಂಥ ನೀಲಿಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಅವರು ಮುಂದಕ್ಕೆ ಬಾಗಿ, ಎರಡೂ ಕೈ ಮೇಜಿನ ಮೇಲಿಟ್ಟು, ಕಾದು ಕೂತರು.

"ಹೂಂ," ಎಂದರು. "ಈಗ ದೀಪ ಹಾಕಿ."

ಮೂರು ವಾರದ ಹಿಂದೆ ಉಗುರಿನಷ್ಟು ನೀಲಿಗೆ ಸರಿಯಾಗಿ ಬೆರಳು ತೋರಿಸಿದ್ದವರು. ಬಲ್ಬು ಹೋಗಿದೆ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೇ ಬಂದಿತ್ತು.

"ಹಾಕೀನ್ರೀ ಸರ್," ಎಂದೆ.

ಅವರು ಬಾಗಿದ್ದವರು ನಿಧಾನವಾಗಿ ಹಿಂದಕ್ಕೆ ಒರಗಿದರು. "ಹೋದ ಮಂಗಳವಾರ ಈ ಕಣ್ಣಲ್ಲೂ ರಕ್ತ ಒಸರ್ತು. ಇಂಜೆಕ್ಷನ್ ಕೊಟ್ರು," ಎಂದರು. "ನಿಮಗೆ ಹೇಳಲಿಲ್ಲ. ಹೊಳೆಯೋದಾದ್ರೂ ಕಾಣ್ಸತ್ತೆ ಅಂದ್ಕೊಂಡಿದ್ದೆ." ಆಮೇಲೆ ಕೈ ಚಾಚಿದರು. ಒದ್ದೆ ಕಲ್ಲನ್ನು ಅವರ ಅಂಗೈಯಲ್ಲಿಟ್ಟೆ. ಹೆಬ್ಬೆರಳಿನಿಂದ ಅಂಚು ಸವರುತ್ತಾ ಬಂದು, ಟೊಳ್ಳಿದ್ದ ಜಾಗದ ನುಣ್ಣನೆಯ ಗುಂಡಿಯಲ್ಲಿ ಬೆರಳು ಇಳಿಸಿ, ಅಲ್ಲಿ ಏನೂ ಸಿಗದೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡರು.

"ಹಾಗಾದ್ರೆ ನಿಮ್ಮ ಬಿಳೀದನ್ನಾದ್ರೂ ಉಳಿಸ್ಕೋಬಹುದಿತ್ತಲ್ಲಮ್ಮ," ಎಂದರು.